ಗೋಲ್‌ಕೀಪರ್ ಡ್ರಮ್ಸ್ ಬಾರಿಸಿದ ದಿನ

೧೭ ಮೇ ೨೦೨೫, ಶನಿವಾರ. ಊಟಿ.

ರಾಕ್ ಸಂಗೀತಗಾರರಿಗೂ ಆಟಗಾರರಿಗೂ ಏನು ಸಾಮ್ಯ? ಸಂಪಾದಕರು ಕೇಳಿದ ಈ ಲೇಖನ ವಾರದಿಂದ ತಲೆ ತಿನ್ನುತ್ತಿದೆ. ಇಬ್ಬರೂ ಬೆವರುತ್ತಾರೆ ಎನ್ನುವುದರಾಚೆ ಏನೂ ಹೊಳೆದಿರಲಿಲ್ಲ.

ಇವತ್ತು ಮಧ್ಯಾಹ್ನ ಇಲ್ಲೇ ಹತ್ತಿರದ ಸೋಲೂರಿನ ಸುರೇಂದ್ರನ್ ಒಂದು ರಾಕ್ ತಂಡದ ಜೊತೆ ಮೊದಲ ಸಲ ವೇದಿಕೆಯಲ್ಲಿ ಡ್ರಮ್ಸ್ ಬಾರಿಸಿದ. ಹದಿನೈದು ವರ್ಷ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವನು. ಮಂಡಿ ಕೈಕೊಟ್ಟ ಮೇಲೆ, ನಲವತ್ತು ದಾಟಿ, ಡ್ರಮ್ಸ್ ಕಲಿತ. ಎರಡನೇ ಹಾಡಿನ ನಡುವೆ ಲಯ ತಪ್ಪಿ ಅವನ ಕೈ ನಿಂತೇಹೋಯಿತು. ಆಗ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಭುವನಾ ಜನರಿಗೆ ಬೆನ್ನು ತಿರುಗಿಸಿ ಅವನೆದುರಿಗೇ ಹೋಗಿ ನಿಂತಳು.

"ಪರವಾಯಿಲ್ಲೆ ಅಣ್ಣಾ, ನನ್ನ ಕಾಲು ನೋಡು!"

ಬೂಟಿನಿಂದ ಹಲಗೆ ಕುಟ್ಟಿದಳು. ನಾಲ್ಕನೇ ಏಟಿಗೆ ಅವನು ಸೇರಿಕೊಂಡ. ಜನ ಎದ್ದು ಕುಣಿದರು, ನಾನೂ ಕುಣಿದೆ.

ಆಮೇಲೆ "ಹೆದರಿಕೆ ಆಯ್ತಾ?" ಎಂದು ಕೇಳಿದೆ. ಸುರೇಂದ್ರನ್ ನಗುತ್ತಲೇ ಕಣ್ಣೊರೆಸಿಕೊಂಡ.

"ಗೋಲ್ ಬಿಟ್ಟಾಗ ಎಲ್ಲಾ ನನ್ನನ್ನೇ ನೋಡೋರು ಸಾರ್. ಹತ್ತಿರ ಯಾರೂ ಬರ್ತಿರಲಿಲ್ಲೆ. ಇಂದು ಭುವನಾ ಬಂದಳಲ್ಲ!"

ಪೆನ್ನು ಜೇಬಿಗಿಟ್ಟೆ. ಅವನನ್ನು ಬಿಗಿದಪ್ಪಿಕೊಂಡೆ. ಪತ್ರಕರ್ತ ಹಾಗೆಲ್ಲ ಮಾಡಬಾರದು ಅನ್ನುತ್ತಾರೆ. ಅಂದುಕೊಳ್ಳಲಿ, ನನಗೆ ಇವತ್ತು ಸಾಮ್ಯ ಸಿಗದಿದ್ದರೂ ಬರೆಯಬೇಕಾದ ವ್ಯತ್ಯಾಸ ಸಿಕ್ಕಿತು: ತಪ್ಪಿದವನ ಹತ್ತಿರ ಯಾರು ಬಂದು ನಿಲ್ಲುತ್ತಾರೆ ಎನ್ನುವುದು.