ಉಸಿರಿಗೆ ಬಿಟ್ಟ ಜಾಗ

ಅವ್ವಾ,

ಇವತ್ತು ಬೆಳಿಗ್ಗೆ ಹಾಲಿನ ಶಾಂತವ್ವ ನಮ್ಮ ಓಣಿಗೆ ಬಂದಾಗ ನಾನು ಕಟ್ಟೆಯ ಮೇಲೆ ಕೂತಿದ್ದೆ. ಎಲ್ಲರ ಬಾಗಿಲಲ್ಲೂ "ಹಾಲ್ರಿ ಯವ್ವಾ..." ಎಂದು ಉದ್ದಕ್ಕೆ ಎಳೆದು ಕೂಗಿದಳು. ನಮ್ಮ ಬಾಗಿಲಿಗೆ ಬಂದು "ಹಾಲು" ಎಂದಳು, ಅಷ್ಟೇ. ನೀನು ಹೋದಾಗಿನಿಂದ ಹೀಗೆಯೇ. ಎಳೆಯದೆ ಬಿಟ್ಟ ಆ ಸ್ವರದಲ್ಲೇ ಅವಳು ಹೇಳಬೇಕಾದದ್ದೆಲ್ಲ ಇತ್ತು. ಇದನ್ನು ಛಂದಸ್ಸಿನ ಯಾವ ಗಣಕ್ಕೆ ಸೇರಿಸಲಿ?

ಬಾಗೇವಾಡಿಯಲ್ಲಿ ಡಿಗ್ರಿ ಓದುತ್ತಿದ್ದಾಗ ಮನೆಯಲ್ಲಿ ನೆಲದ ಮೇಲೆ ಕೂತು ಪದ್ಯಕ್ಕೆ ಲಘು, ಗುರು ಹಾಕುತ್ತಿದ್ದುದು ನೆನಪಿದೆಯೇ? ಹ್ರಸ್ವದ ತಲೆಗೊಂದು ಬಟ್ಟಲು, ದೀರ್ಘಕ್ಕೊಂದು ಗೆರೆ. ನೀನು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಬಗ್ಗಿ ನೋಡಿದೆ.

"ಏನವಾ ಇದು, ಕೋಳಿ ಅಡ್ಡಾಡಿದಂಗ ಐತಿ?"

"ಪದ್ಯದ ಲೆಕ್ಕಾ, ಅವ್ವಾ."

"ಉಸಿರ ಎಲ್ಲಿ ತೊಗೋಬೇಕಂತ ಬರದೇ ಇಲ್ಲಲ್ಲ. ಹಾಡಾಕಿ ಸತ್ತಗಿತ್ತಾಳು!"

ನಾನು ನಕ್ಕೆ. ಮುಂದಿನ ಸಾಲಿಗೆ ಬಟ್ಟಲು, ಗೆರೆ ಹಾಕುತ್ತ ಹೋದೆ.

ನಮ್ಮೂರು ಇಂಗಳೇಶ್ವರದಲ್ಲಿ ಯಾರು ತೀರಿದರೂ ನಿನ್ನನ್ನು ಕರೆಯುತ್ತಿದ್ದರು. ದೂರದಿಂದ ಬಂದ ಹೆಣ್ಣುಮಗಳು ಸತ್ತವರ ಗುಣ ಹೇಳಿ ಬಾಗಿಲಲ್ಲೇ ಹಾಡ್ಯಾಡಿ ಅಳತೊಡಗಿದರೆ, ಮನೆಯವಳೊಬ್ಬಳು ಅವಳ ಕೊರಳಿಗೆ ಬಿದ್ದು ಎದುರು ಹಾಡಿ ಅಳಬೇಕು. ಒಬ್ಬಳನ್ನೇ ಅಳಲು ಬಿಡಬಾರದು. ಮನೆಯವರ ಬಾಯಿ ಕಟ್ಟಿದರೆ ನೀನು ಎದುರು ನಿಲ್ಲುತ್ತಿದ್ದೆ. ಸಾಲಿನ ಕೊನೆಯನ್ನು ಯಾಕೆ ಅಷ್ಟು ಎಳೆಯುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. "ನಾ ಎಳಿಯೂತನಾ ಆಕಿ ಉಸಿರ ತೊಗೋತಾಳ. ಇಲ್ಲಾಂದ್ರ ಎದಿ ಒಡದೀತು" ಎಂದೆ ನೀನು. ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸಬಹುದು ಎಂದು ನಮ್ಮ ಸರ್ ನಿಯಮ ಬರೆಸಿದ್ದರು. ಕಾರಣ ಬರೆಸಿರಲಿಲ್ಲ.

ಆದರೆ ನೀನು ಹೋದ ದಿನ ನಾನು ಮಾಡಿದ್ದೇನು? ಪಕ್ಕದ ಮನೆಯ ಗುರುಬಾಯಿ ಅತ್ತಿ ನಿನ್ನ ತಲೆಯ ಬಳಿ ಕೂತು ಹಾಡಿ ಅತ್ತಳು. ನಡುನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ಐದು, ಐದು, ಐದು, ಮೂರು. ಅವಳ ಅಳುವಿನ ಮಾತ್ರೆ ಎಣಿಸುತ್ತಿದ್ದೆ, ಅವ್ವಾ. ನಿನ್ನ ಕಾಲ ಬಳಿ ಕೂತು. ಇಷ್ಟು ವರ್ಷ ಕಲಿತದ್ದು ಕೊನೆಗೆ... ಅವಳು ನೋಡಿಯೇಬಿಟ್ಟಳು.

"ಎಂ.ಎ. ಮಾಡ್ಯಾಳಂತ! ಹಡದಾಕಿಗೆ ನಾಕ ಮಾತ ಹಾಡಾಕ ಬರವಲ್ದು, ಬೆರಳ ಎಣಸಾಕತ್ತಾಳ ನೋಡ್ರಿ."

ಯಾರೋ ಅವಳನ್ನು ಸುಮ್ಮನಾಗಿಸಿದರು. ನಾನು ಕೈಯನ್ನು ವೇಲಿನೊಳಗೆ ಮುಚ್ಚಿಟ್ಟೆ.

ನಿನ್ನೆ ಬೆಳಿಗ್ಗೆ ನಾಲತವಾಡದಿಂದ ಚಿಗವ್ವ ಫೋನ್ ಮಾಡಿದಳು. ಕಾಲು ಮುರಿದು ಮಲಗಿದ್ದ ನಿನ್ನ ತಂಗಿಗೆ ಕೊನೆಗೂ ನಿನ್ನ ಮುಖ ಸಿಗಲಿಲ್ಲವಲ್ಲ. ನಾಲ್ಕು ತಿಂಗಳ ಅಳುವನ್ನು ಹಾಗೇ ಇಟ್ಟುಕೊಂಡಿದ್ದಾಳೆ. "ನಾಳೆ ಮಧ್ಯಾಹ್ನದ ಹೊತ್ತಿಗೆ ಬರ್ತೇನವಾ. ನನ್ನ ಎದುರು ಅಳಾಕ ಮನ್ಯಾಗ ಯಾರ ಅದಾರ?" ಈ ಮನೆಯಲ್ಲಿ ಹೆಣ್ಣೆಂದು ಉಳಿದವಳು ನಾನೊಬ್ಬಳೇ. ಅಪ್ಪ ನನ್ನ ಕಡೆ ನೋಡದೆ, "ಗುರುಬಾಯಿನ್ನ ಕರದ್ರಾತು ಬಿಡು" ಎಂದ.

ನಿನ್ನೆಯೆಲ್ಲ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಕಟ್ಟಲು ನೋಡಿದೆ. ಮಾತ್ರೆ ಒಂದೂ ತಪ್ಪಿರಲಿಲ್ಲ. ಓದಿಕೊಂಡರೆ, ಯಾರ ತಾಯಿಯೂ ಅದರಲ್ಲಿ ಸತ್ತಿರಲಿಲ್ಲ. ಎಣಿಸಿ ಎಣಿಸಿ ದಣಿದುಬಿಟ್ಟಿದ್ದೇನೆ, ಅವ್ವಾ. ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ಈಗಷ್ಟೇ ಅಪ್ಪ ಗುರುಬಾಯಿ ಅತ್ತಿಯ ಮನೆಗೆ ಹೊರಟು ಚಪ್ಪಲಿ ಮೆಟ್ಟಿದ್ದ.

"ಬ್ಯಾಡಪ್ಪಾ. ಬಾಗಲಕ್ಕ ನಾ ಹೋಗ್ತೇನಿ" ಎಂದೆ.

"ಬರತೈತೇನ ನಿನಗ?"

"ಇಲ್ಲ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

ಚಿಗವ್ವನ ಬಸ್ಸು ಇಷ್ಟೊತ್ತಿಗೆ ಮುದ್ದೇಬಿಹಾಳ ದಾಟಿರಬಹುದು. ಮುಖ ತೊಳೆದುಕೊಂಡು ಹೊಸ್ತಿಲ ಹತ್ತಿರ ಕೂರುತ್ತೇನೆ.