ಆ ತಿರುವಿನ ಓಟಕ್ಕೆ ಒಂದು ಜೊತೆ ಶೂ

ಸಾಂತಾ ಬ್ರಿಹಿದಾ
ನವೆಂಬರ್ ೧೬, ಭಾನುವಾರ

ನಾಬೋರ್,

ಕವರಿನ ಮೇಲೆ ನನ್ನ ಅಕ್ಷರ ಕಂಡು ನಿನ್ನ ಎದೆ ಧಸಕ್ಕೆಂದಿರಬೇಕು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ನಿನ್ನಮ್ಮ ಗಟ್ಟಿಯಾಗಿದ್ದಾಳೆ. ನಾನು ತಟ್ಟುವ ಟೊರ್ಟಿಯಾ ದಪ್ಪವಾಯಿತು ಎಂದು ದಿನಾ ಗೊಣಗುತ್ತಾಳೆ, ದಿನಾ ನಾಲ್ಕು ಹೆಚ್ಚಿಗೆ ತಿನ್ನುತ್ತಾಳೆ. ಫೋನು ಮಾಡಿದರೆ ನೀನು 'ಹೂಂ' ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹಾಗೆ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಹೇಳುವುದನ್ನು ಕೇಳಿ ನಗಬೇಡ. ನಾನು ಓಟದ ಶೂ ಕೊಂಡಿದ್ದೇನೆ.

ಹೌದು, ನಾನೇ. 'ಅಮ್ಮಾ, ನೀನು ಬಸ್ಸಿಗೂ ಓಡಲ್ಲ, ಬಸ್ಸೇ ನಿನ್ನ ಕಾಯ್ಕೊಂಡು ನಿಂತಿರುತ್ತೆ' ಎಂದು ನಮ್ಮ ರೊಸಾಲ್ಬಾ ಆಡಿಕೊಳ್ಳುತ್ತಿದ್ದಳಲ್ಲ, ಅದೇ ನಾನು. ಮಂಗಳವಾರದ ಸಂತೆಗೆ ಹೋಗಿ, ತಗಡಿನ ಸೂರಿನ ಕೆಳಗೆ ಶೂ ಗುಡ್ಡೆ ಹಾಕಿಕೊಂಡು ಕೂತಿದ್ದ ಚೋನ್ ಎಂಬ ವ್ಯಾಪಾರಿಯ ಮುಂದೆ ನಿಂತೆ. ಓಡುವುದಕ್ಕೆ ಬೇಕು ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾರಿಂದ ತಪ್ಪಿಸ್ಕೊಂಡು ಓಡ್ಬೇಕಕ್ಕಾ, ಗಂಡನಿಂದಲಾ?' ಎಂದ. 'ಅವನೇ ಮೊದಲು ಓಡಿದಾನೆ' ಎಂದೆ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅತ್ತುಬಿಟ್ಟೆ.

ಚೋನ್ ಬಾಯಿಬಡುಕ, ಆದರೆ ಮೋಸಗಾರನಲ್ಲ. ನಾನು ಮೊದಲು ಕೈ ಹಾಕಿದ್ದು ಗುಲಾಬಿ ಬಣ್ಣದ, ದೊಡ್ಡ ಹೆಸರಿನ ಒಂದು ಜೋಡಿಗೆ. 'ಅದು ನಕಲಿ, ಬಿಡಿ' ಎಂದು ತಾನೇ ಹೇಳಿದ. ಪಕ್ಕದ ಅಂಗಡಿಯ ಅಸಲಿಯ ಬೆಲೆ ಕೇಳಿ ನಾನೇ ಬಿಟ್ಟೆ, ಅಷ್ಟಕ್ಕೆ ಒಂದು ಹಂದಿಮರಿ ಬರುತ್ತದೆ. ಆಮೇಲೆ ಅವನು ಹೋದ ವರ್ಷದ ಸರಕು ತೆಗೆದ. ಬಣ್ಣ ಹಳತಾಯಿತೆಂದು ಪಟ್ಟಣದ ಹುಡುಗರು ಕೊಳ್ಳುವುದಿಲ್ಲವಂತೆ, ಅದಕ್ಕೇ ಅರ್ಧಕ್ಕಿಂತ ಕಡಿಮೆಯಂತೆ. 'ಬಣ್ಣ ಓಡಲ್ಲಕ್ಕಾ, ಕಾಲು ಓಡೋದು' ಎಂದ. ಸಂಜೆಯಾಗಿದ್ದದ್ದು ಒಳ್ಳೆಯದೇ ಆಯಿತು. ದಿನವಿಡೀ ಒಲೆ ಮುಂದೆ ನಿಂತು ನನ್ನ ಪಾದ ಉಬ್ಬಿತ್ತು, ಓಡುವಾಗಲೂ ಹೀಗೇ ಉಬ್ಬುತ್ತದಂತೆ. ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗ ಬೇಕು, ಹಿಮ್ಮಡಿ ಜಾರಬಾರದು, ಕಾಲ್ಬೆರಳು ಮಡಚುವ ಕಡೆಯೇ ಶೂ ಮಡಚಬೇಕು. ಕೊನೆಗೆ, 'ಒಂದು ಸಲ ಓಡಿ ಬನ್ನಿ' ಎಂದು ಅಟ್ಟಿದ. ಲಂಗ ಎತ್ತಿಕೊಂಡು ತರಕಾರಿ ಸಾಲಿನ ನಡುವೆ ಓಡಿದೆ. ಟೊಮೇಟೊ ಮಾರುವವಳು 'ಅಯ್ಯಯ್ಯೋ, ಹಿಡೀರಿ! ದುಡ್ಡು ಕೊಡದೆ ಓಡ್ತಿದಾಳೆ!' ಎಂದು ಕೂಗಿದಳು. ನಿಂಬೆ ಹಸಿರಿನ ಒಂದು ಜೊತೆ ತೆಗೆದುಕೊಂಡೆ. ನೋಡಲು ಗಿಳಿಯ ಹಾಗಿದೆ. ಅಗ್ಗವಾಗಿತ್ತು, ಅದಕ್ಕೇ ತೆಗೆದುಕೊಂಡೆ.

ಆಮೇಲೆ ಮಾಡಿದ್ದು ದಡ್ಡ ಕೆಲಸ. ಡಿಸೆಂಬರಿನಲ್ಲಿ ಗ್ವಾದಲೂಪೆ ತಾಯಿಯ ಹಬ್ಬಕ್ಕೆ ನಾವು ಏನು ತೊಟ್ಟರೂ ಹೊಸದೇ ತಾನೆ? ಹಾಗಾಗಿ ಡಬ್ಬಿಯನ್ನು ಹಾಗೇ ತಾಯಿಯ ಪಟದ ಮುಂದಿಟ್ಟು, ಮೇಣದ ಬತ್ತಿ ಹಚ್ಚಿ, ಬೆಳಗಿನ ಅಭ್ಯಾಸಕ್ಕೆ ಹಳೆಯ ರಬ್ಬರ್ ಚಪ್ಪಲಿಯಲ್ಲೇ ಓಡುತ್ತಿದ್ದೆ. ಹಬ್ಬಕ್ಕೆ ಕೈಯಿಂದ ಕೈಗೆ ದಾಟಿಸುತ್ತಾ ಊರಿಗೆ ಪಂಜು ತರುವ ಓಟದ ಮುಖ್ಯಸ್ಥ ತೊರಿಬಿಯೊ, ನಮ್ಮ ಹುಡುಗಿಗೆ ಜ್ಞಾನಸ್ನಾನದಲ್ಲಿ ತಂದೆಯಾಗಿ ನಿಂತವನು, ಇದನ್ನು ಕಂಡು ಹಣೆ ಚಚ್ಚಿಕೊಂಡ. 'ಏನ್ ತಂಗೀ ನೀನು! ಹೊಸ ಶೂನಲ್ಲಿ ಬೆಟ್ಟದ ದಾರಿ ಓಡಿದ್ರೆ ತಾಯಿಗೆ ಸಿಗೋದು ನಿನ್ನ ಕಾಲಿನ ಬೊಕ್ಕೆ ಮಾತ್ರ. ಈಗ್ಲೇ ಹಾಕ್ಕೊ, ಕೊಳೆ ಮಾಡು. ತಾಯಿ ಬೇಜಾರು ಮಾಡ್ಕೊಳ್ಳಲ್ಲ, ಅವಳೂ ಕಾಲ್ನಡಿಗೆಯವಳೇ.' ಪಟದ ಮುಂದೆ ಕ್ಷಮೆ ಕೇಳಿ ಶೂ ಹಾಕಿಕೊಂಡೆ. ಎರಡು ದಿನ ಕಚ್ಚಿತು, ಆಮೇಲೆ ಒಗ್ಗಿತು.

ನೀರಿನ ಟ್ಯಾಂಕಿನ ತನಕ ಓಡುತ್ತೇನೆ ಎಂದು ನಿನ್ನಮ್ಮನಿಗೆ ಹೇಳಿದ್ದೇನೆ. ನಿಜವಾಗಿ ನಮ್ಮ ರೊಸಾಲ್ಬಾಳ ಗೋರಿಯ ತನಕ ಓಡುತ್ತೇನೆ. ಅಲ್ಲಿ ಏದುಸಿರು ಬಿಡುತ್ತಾ ನಿಂತು, 'ನೋಡೇ, ಬಸ್ಸು ಕಾಯದಿದ್ದರೂ ಬಂದೆ' ಎನ್ನುತ್ತೇನೆ. ಮಗಳ ಬಾಯಿಂದ ಒಂದು ಕುಚೋದ್ಯದ ಮಾತು ಕೇಳಲು ನನ್ನ ಜೀವ ಎಷ್ಟು ಬಡಿದುಕೊಳ್ಳುತ್ತದೆ ಎಂದು ನಿನಗೊಬ್ಬನಿಗೇ ಗೊತ್ತು.

ಇಷ್ಟು ಹೊತ್ತು ಶೂ ಶೂ ಎಂದು ಬರೆದೆ. ಈಗ ವಿಷಯಕ್ಕೆ ಬರುತ್ತೇನೆ.

ಈ ಡಿಸೆಂಬರಿನಲ್ಲಿ ರಿಯೊ ಫ್ರಿಯೊ ತಿರುವಿನ ಓಟ ನನಗೆ ಕೊಡು ಎಂದು ತೊರಿಬಿಯೊನನ್ನು ಕೇಳಿದ್ದೇನೆ. ರೊಸಾಲ್ಬಾ ಪಂಜು ಹಿಡಿದು ಓಡಿದ ತಿರುವು. ಒಬ್ಬರು ಅರ್ಧಕ್ಕೆ ಬಿಟ್ಟ ಓಟವನ್ನು ಅವರ ಮನೆಯವರೇ ಮುಗಿಸಬೇಕು ಎನ್ನುತ್ತಾರಲ್ಲ, ಎರಡು ವರ್ಷದಿಂದ ಆ ಓಟ ನಮ್ಮ ಮನೆಯ ಬಾಗಿಲಲ್ಲೇ ನಿಂತ ಹಾಗಿದೆ.

ಆ ಬೆಳಗಿನ ಮಾತನ್ನು ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ. ಪಂಜು ನಿಲ್ಲಬಾರದು, ಇದು ನಮ್ಮೂರ ಕಟ್ಟಳೆ. ಓಟ ಮುಗಿಸಿ ಬಂದವರಿಗೆ ಕಂಬಳಿ ಹೊದಿಸಿ ಬಿಸಿ ಗಂಜಿ ಕುಡಿಸದೆ ಓಟಗಾರರ ಹಿಂದೆ ಬೆಳಕು ಬಿಟ್ಟುಕೊಂಡು ಬರುವ ಗಾಡಿ ಕದಲಬಾರದು, ಇದೂ ನಮ್ಮೂರ ಕಟ್ಟಳೆ. ನಮ್ಮ ಹುಡುಗಿ ಪಂಜು ತೆಗೆದುಕೊಂಡು ಮುಂದೆ ಓಡಿದಳು. ಪಂಜು ಕೊಟ್ಟ ಹುಡುಗಿ ಚಳಿಗೆ ನಡುಗುತ್ತಿದ್ದಳು, ನೀನು ಗಾಡಿ ನಿಲ್ಲಿಸಿ ಅವಳಿಗೆ ಗಂಜಿ ಬಗ್ಗಿಸಿದೆ. ಅಷ್ಟರಲ್ಲಿ ರೊಸಾಲ್ಬಾ ತಿರುವಿನಾಚೆ ಮಂಜಿನಲ್ಲಿದ್ದಳು, ಹಿಂದೆ ನಿನ್ನ ಗಾಡಿಯ ಬೆಳಕಿರಲಿಲ್ಲ. ಹಿಂದಿನಿಂದ ಬಂದ ಲಾರಿಯವನಿಗೆ ಅವಳು ಕಾಣಲಿಲ್ಲ. ನೀವಿಬ್ಬರೂ ಮಾಡಬೇಕಾದ್ದನ್ನೇ ಮಾಡಿದಿರಿ.

ಆಮೇಲೆ ನೀನು ನನ್ನಿಂದ ಬೈಸಿಕೊಳ್ಳಲು ಕಾಯುತ್ತಿದ್ದೆ, ನನಗೆ ತಿಳಿಯುತ್ತಿತ್ತು. ನಾನು ಬೈಯಲಿಲ್ಲ, ಹತ್ತಿರವೂ ಬರಲಿಲ್ಲ. ಟೊರ್ಟಿಯಾ ತಟ್ಟುತ್ತಾ ಇದ್ದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಆಡದೆಯೇ ಎಲ್ಲ ಹೋಯಿತು. ನೀನು ಗಾಡಿಗೆ ಟಾರ್ಪಾಲು ಹೊದಿಸಿ, ಕೆರೆತಾರೊಗೆ ತಮ್ಮನ ಮನೆಗೆ ಹೋದೆ. ಸುಳ್ಳು ಹೇಳಲಾರೆ, ಮೊದಲ ಚಳಿಗಾಲವೆಲ್ಲ ನಿನ್ನ ಮೇಲೆ ಹೊಟ್ಟೆಯಲ್ಲಿ ಬೆಂಕಿ ಇತ್ತು. ಅದು ಯಾವಾಗ ಆರಿತೋ ತಿಳಿಯದು. ಒಂದು ದಿನ ನಿನ್ನ ಹಳೆಯ ಅಂಗಿ ಮಡಚುತ್ತಿದ್ದಾಗ ನೋಡಿದರೆ ಇರಲಿಲ್ಲ. ಈಗ ಉಳಿದಿರುವುದು ಬರೀ ದುಃಖ. ಅದನ್ನು ಒಬ್ಬಳೇ ಹೊರಲಾರೆ, ನಾಬೋರ್.

ಹಿಂದೆ ಬರುವ ಗಾಡಿ ಯಾರದು ಎಂದು ತಿಂಗಳ ಕೊನೆಯೊಳಗೆ ಹೇಳಬೇಕಂತೆ, ಇಲ್ಲದಿದ್ದರೆ ಆ ತಿರುವನ್ನು ಬೇರೆಯವರಿಗೆ ಕೊಡುತ್ತಾರೆ. 'ನನ್ ಮಗ ಬರ್ತಾನೆ ತಂಗೀ, ಒಳ್ಳೆ ಡ್ರೈವರು' ಎಂದ ತೊರಿಬಿಯೊ. ಬೇಡ ಎಂದೆ. 'ಮತ್ಯಾರು? ಅವನು ಬರ್ತಾನೆ ಅಂದ್ಕೊಂಡಿದೀಯಾ?' ಎಂದ. ಮನೆಗೆ ಬಂದು ಈ ಕಾಗದ ಬರೆಯಲು ಕೂತೆ.

ನೀನು ಬಾ. ಮನೆಗೆ ಬಂದು ಇರು ಎಂದು ಕೇಳುತ್ತಿಲ್ಲ, ಅದು ನಿನ್ನಿಷ್ಟ. ಆ ಬೆಳಗ್ಗೆ ಗಾಡಿಯಲ್ಲಿ ನನ್ನ ಹಿಂದೆ ಬಾ. ನಾನು ನಿಧಾನ, ನಿನಗೆ ಬೇಜಾರಾಗಬಹುದು. ಗಂಜಿಯ ಚಿಂತೆ ಬೇಡ. ಈ ಸಲ ಅದಕ್ಕೆ ಬೇರೆಯೇ ಒಂದು ಗಾಡಿ ಇರಬೇಕು ಎಂದು ಊರವರ ಸಭೆಯಲ್ಲಿ ಜಗಳ ಆಡಿ ಒಪ್ಪಿಸಿದ್ದೇನೆ. ನೀನು ಎಲ್ಲಿಯೂ ನಿಲ್ಲಬೇಕಾಗಿಲ್ಲ.

ಕಾಯುತ್ತಿರುವ,
ಎಲೋದಿಯಾ

ಮತ್ತೊಂದು ಮಾತು: ಅಗ್ಗವೆಂದು ಆ ಶೂ ತೆಗೆದುಕೊಂಡೆ ಎಂದೆನಲ್ಲ, ಅದು ಸುಳ್ಳು. ಅದಕ್ಕಿಂತ ಅಗ್ಗದ, ಮೆತ್ತಗಿನ ಕಂದು ಬಣ್ಣದ ಜೊತೆಯೊಂದಿತ್ತು. ಆದರೆ ಈ ಗಿಳಿಹಸಿರಿನದರ ಹಿಮ್ಮಡಿಯಲ್ಲಿ ಬೆರಳಗಲದ ಒಂದು ಪಟ್ಟಿ ಇದೆ. ಚೋನ್ ಅಂಗಡಿಯ ಪರದೆ ಇಳಿಸಿ, ಕತ್ತಲು ಮಾಡಿ, ಅದಕ್ಕೆ ಟಾರ್ಚ್ ಬಿಟ್ಟು ತೋರಿಸಿದ. ಬೆಳಕು ಬಿದ್ದರೆ ಅದು ಬೆಂಕಿಯ ಹಾಗೆ ಉರಿಯುತ್ತದೆ. ನಮ್ಮ ಹುಡುಗಿಯ ಶೂ ಪೂರ್ತಿ ಕಪ್ಪಗಿತ್ತು, ನೆನಪಿದೆಯಾ? ಎಷ್ಟು ಮಂಜಿದ್ದರೂ ನಾನು ನಿನ್ನ ಕಣ್ಣಿಗೆ ಬೀಳುತ್ತೇನೆ, ನಾಬೋರ್. ಹಿಂದಿನಿಂದ ಬೆಳಕು ಬಿಡಲು ನೀನಿರಬೇಕು, ಅಷ್ಟೇ.