ಗೇಟಿನವರೆಗೆ ಬಂದು ತಿರುಗಿದವರು

ಥೌಬಲ್, ಮಣಿಪುರ
ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಮಗ ಸನಾತೋನ್,

ಹೊಟ್ಟೆನೋವು ಕಡಿಮೆಯಾಯಿತೇ? ಬೆವರು, ನಡುಕ ನಿಂತಿತೇ? ರಾತ್ರಿ ನಿದ್ದೆ ಹತ್ತುತ್ತದೆಯೇ? ಶಿಲ್ಲಾಂಗಿನ ಚಳಿಗೆಂದು ಕಳಿಸಿದ ಸ್ವೆಟರನ್ನು ಯಾರಿಗಾದರೂ ಮಾರಿದ್ದರೆ ನಿಜ ಹೇಳು, ಬೈಯುವುದಿಲ್ಲ. ಈಚೆಗೆ ಬೈಯುವ ಶಕ್ತಿಯೂ ಇಲ್ಲ. ವ್ಯಸನಮುಕ್ತಿ ಕೇಂದ್ರದವರು ಈ ತಿಂಗಳ ಕೊನೆಗೆ ನಿನ್ನನ್ನು ಮನೆಗೆ ಬಿಡುತ್ತಾರಂತೆ.

ಹೋದ ಬುಧವಾರ ಮಧ್ಯಾಹ್ನ ಕೆರೆಯ ಹಿಂದೆ ಸೊಪ್ಪು ಕೀಳಲು ಹೋಗಿದ್ದೆ. ಆಟೋ ಓಡಿಸುವ ರಿಷಿಕಾಂತ ಅಲ್ಲಿ ಬಿದ್ದಿದ್ದ, ಪಕ್ಕದಲ್ಲಿ ಸೂಜಿ. ತುಟಿ ನೀಲಿ, ಗಂಟಲಲ್ಲಿ ಗೊರಗೊರ, ಕಣ್ಣಪಾಪೆ ಸಾಸಿವೆಕಾಳಿನಷ್ಟು. ಆಸ್ಪತ್ರೆಯವರು ತರಬೇತಿಯಲ್ಲಿ ಕಲಿಸಿದಂತೆ ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟೆ, ನಶೆ ಇಳಿಸುವ ಇಂಜೆಕ್ಷನ್ ತೊಡೆಗೆ ಚುಚ್ಚಿದೆ. (ಹೌದು, ನಿಮ್ಮಂಥವರನ್ನು ಬಿದಿರುಕೋಲಿನಲ್ಲಿ ಬಾರಿಸುತ್ತಿದ್ದ ರಾತ್ರಿ ಪಂಜು ಹಿಡಿದು ನಶೆಯವರನ್ನು ಹುಡುಕುವ ಹೆಂಗಸರ ಮುಖಂಡಳು, ನಿನ್ನ ಅಮ್ಮನೇ, ಈಗ ಆ ಔಷಧಿಯನ್ನು ಮಡಿಲಲ್ಲಿ ಕಟ್ಟಿಕೊಂಡು ತಿರುಗುತ್ತಾಳೆ. ನಗಬೇಡ.) ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಯಾವಳೇ ಮುದುಕಿ, ನನ್ನ ಮಜಾ ಹಾಳು ಮಾಡ್ದೋಳು?" ಅಂದ. ಎದ್ದು ಹೊರಟವನ ಅಂಗಿ ಹಿಡಿದು ಕೂರಿಸಿದೆ. ಇಂಜೆಕ್ಷನ್ನಿನ ಜೋರು ಬೇಗ ಇಳಿಯುತ್ತದೆ, ಒಳಗಿನ ವಿಷ ಮತ್ತೆ ಉಸಿರು ಕಟ್ಟಿಸುತ್ತದೆ. ಆಸ್ಪತ್ರೆಯ ಗಾಡಿ ಬರುವವರೆಗೂ ಬಿಡಲಿಲ್ಲ.

ಕೂತಲ್ಲೇ ಗುರುತು ಹಿಡಿದ. "ಇಮಾ, ನಿಮ್ಮ ಇಬೋಚೌ ಬಿದ್ದ ದಿನ ನಾನೂ ಇದ್ದೆ. ನಿಮ್ಮನ್ನ ಕರೆಯೋಕೆ ಗೇಟ್ ತನಕ ಓಡಿ ಬಂದ್ವಿ. ನೀವು ಕೋಲು ಹಿಡ್ಕೊಂಡು ಹೆಂಗಸರ ಜೊತೆ ಅಂಗಳದಲ್ಲಿ ಕೂತಿದ್ರಿ. ಹೆದರಿ ವಾಪಸ್ ಹೋಗಿ, ಎಚ್ಚರ ಆಗ್ಲಿ ಅಂತ ಉಪ್ಪುನೀರು ಚುಚ್ಚಿದ್ವಿ. ಎಲ್ರೂ ಹಾಗೇ ಮಾಡ್ತಿದ್ರು. ಅವನು ಏಳಲಿಲ್ಲ, ಓಡಿಹೋದ್ವಿ" ಅಂದ. ಗೇಟಿನ ಹತ್ತಿರ ಬಂದಾಗ ನಿನ್ನ ಅಣ್ಣ ಇನ್ನೂ ಉಸಿರಾಡುತ್ತಿದ್ದನಂತೆ.

ಅವನು ಸತ್ತಾಗಿನಿಂದ ನಾಲ್ಕು ವರ್ಷ, ಅವನನ್ನು ಬಿಟ್ಟು ಓಡಿದ ಆ ಹುಡುಗರನ್ನು ಶಪಿಸಿದೆ. ಅವರು ಹೆದರಿದ್ದು ನನಗೇ. ಅಳು ಬರಲಿಲ್ಲ. ಮನೆಗೆ ಬಂದು ಸೊಪ್ಪು ತೊಳೆದೆ, ಒಣಮೀನು ಸುಟ್ಟು ಅರೆದೆ, ಉಂಡೆ. ಆರು ದಿನವಾಯಿತು, ಮೈಗೆ ಮೈಯೇ ಜೋಮು ಹಿಡಿದ ಹಾಗಿದೆ.

ಚೆನ್ನಾಗಿ ಉಣ್ಣು. ಮನೆಯ ಸನಾಮಹಿ ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಮೆಮ್ಚಾ

ಮರೆತ ಮಾತು: ಕಾಗದ ಒಯ್ಯುವವರು ಅವಸರ ಮಾಡುತ್ತಿದ್ದಾರೆ. ತಿಂಗಳುಗಟ್ಟಲೆ ನಶೆ ಬಿಟ್ಟವನು ಮತ್ತೆ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರೆ ಸಾವಂತೆ. ಬಂದ ಮೇಲೆ ಮನಸ್ಸು ತಡೆಯದಿದ್ದರೆ ಒಬ್ಬನೇ ಎಲ್ಲಿಗೂ ಹೋಗಬೇಡ, ನನಗೆ ಹೇಳು. ನಿನ್ನ ಕೋಣೆಯ ಚಿಲಕ ಕೀಳಿಸಿದ್ದೇನೆ. ಹೊಡೆಯುವುದಿಲ್ಲ ಮಗನೇ, ಪಕ್ಕದಲ್ಲಿ ಕೂತು ನಿನ್ನ ಉಸಿರು ಎಣಿಸುತ್ತೇನೆ.